ಉಪ್ಪುನೀರಿನ ಅಲಂಕಾರಿಕ ಮೀನು ಘಟಕಗಳ ಶೋಧಕದಲ್ಲಿ ಬ್ಯಾಕ್ಟೀರಿಯಾ ಲೋಳೆ: ಕಾರಣ ಮತ್ತು ನಿಯಂತ್ರಣ

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಮತ್ತು ಭಟ್ಕಳ ತಾಲ್ಲೂಕುಗಳ ಕಡಲತೀರದ ಗ್ರಾಮಗಳಲ್ಲಿ ಸಮುದ್ರದ ಅಲಂಕಾರಿಕ ಮೀನು ಸಾಕಣೆಯು ಮಹಿಳೆಯರು ಹಿತ್ತಿಲಿನಲ್ಲಿಯೇ ಕೈಗೊಳ್ಳಬಹುದಾದ ಉದ್ಯೋಗಗಳಲ್ಲಿ ಒಂದು. 2020ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆಯು ಹಿತ್ತಿಲ ಅಲಂಕಾರಿಕ ಮೀನು ಸಾಕಣೆ ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚವನ್ನು ನಿಗದಿಪಡಿಸಿದೆ. ಸಿಹಿನೀರು ಮತ್ತು ಉಪ್ಪುನೀರು ಎರಡೂ ಬಗೆಯ ಘಟಕಗಳಿಗೆ ಇದು ಅನ್ವಯಿಸುತ್ತದೆ. ಸಾಮಾನ್ಯ ವರ್ಗದವರಿಗೆ ಶೇ. 40ರಷ್ಟು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಮಹಿಳೆಯರಿಗೆ ಶೇ. 60ರಷ್ಟು ಸಹಾಯಧನ ದೊರೆಯುತ್ತದೆ. ಅಂದರೆ ಮಹಿಳಾ ಫಲಾನುಭವಿಯೊಬ್ಬರು 1 ಲಕ್ಷ 20 ಸಾವಿರ ರೂಪಾಯಿಯನ್ನು ಸ್ವಂತ ಉಳಿತಾಯದಿಂದಲೋ ಸಾಲದಿಂದಲೋ ಹೊಂದಿಸಬೇಕಾಗುತ್ತದೆ. ತೊಟ್ಟಿಯ ಮೀನು ಒಂದೇ ರಾತ್ರಿಯಲ್ಲಿ ಸತ್ತರೂ ಸಾಲದ ಕಂತು ನಿಲ್ಲುವುದಿಲ್ಲ.

ಇಂತಹ ನಷ್ಟಕ್ಕೆ ಸಾಮಾನ್ಯವಾಗಿ "ರೋಗ ಬಂತು" ಎಂಬ ಕಾರಣವನ್ನು ಹೇಳಲಾಗುತ್ತದೆ. ವಾಸ್ತವದಲ್ಲಿ ಬಹಳಷ್ಟು ಸಂದರ್ಭಗಳಲ್ಲಿ ಮೀನಿಗೆ ರೋಗ ಬರುವ ಮೊದಲೇ ಶೋಧಕ, ಅಂದರೆ ಫಿಲ್ಟರ್, ಕೆಟ್ಟಿರುತ್ತದೆ. ಶೋಧಕದ ಪೆಟ್ಟಿಗೆ, ಕೊಳವೆ ಮತ್ತು ಸ್ಪಂಜುಗಳಲ್ಲಿ ಬಿಳಿ, ಕೆಂಪು ಅಥವಾ ಕಪ್ಪು ಲೋಳೆ ಕಟ್ಟಿಕೊಳ್ಳುವುದು ಅದರ ಮೊದಲ ಸೂಚನೆ. ಆ ಲೋಳೆಯನ್ನು ಕಂಡೊಡನೆ ಮಾಡುವ ಚಿಕಿತ್ಸೆಯೇ ಹಲವು ಬಾರಿ ಲೋಳೆಗಿಂತ ಹೆಚ್ಚು ಹಾನಿ ಮಾಡುತ್ತದೆ.

ಕುಡಿಯುವ ನೀರಿನ ಟ್ಯಾಂಕಿಗೂ ಮೀನಿನ ಶೋಧಕಕ್ಕೂ ಇರುವ ವ್ಯತ್ಯಾಸ

ಗ್ರಾಮ ಪಂಚಾಯತಿ ಸದಸ್ಯರಿಗೆ ನೀರಿನ ಶುದ್ಧೀಕರಣವೆಂದರೆ ಬ್ಲೀಚಿಂಗ್ ಪುಡಿ. ಓವರ್‌ಹೆಡ್ ಟ್ಯಾಂಕನ್ನು ತೊಳೆದು, ಬ್ಲೀಚಿಂಗ್ ಪುಡಿ ಹಾಕಿ, ಕ್ಲೋರಿನ್ ಅಂಶ ಉಳಿದಿದೆಯೇ ಎಂದು ಪರೀಕ್ಷಿಸುವುದು ನೀರುಗಂಟಿಗಳ ನಿತ್ಯದ ಕೆಲಸ. ಅಲ್ಲಿ ಸೂಕ್ಷ್ಮಜೀವಿ ಇರಲೇಬಾರದು. ಮೀನಿನ ತೊಟ್ಟಿಯ ಶೋಧಕದ ವಿಷಯದಲ್ಲಿ ಈ ತಿಳಿವಳಿಕೆ ತಲೆಕೆಳಗಾಗುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಇಲ್ಲದಿದ್ದರೆ ಮೀನು ಬದುಕುವುದಿಲ್ಲ.

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯಾವನ್ನು ನೀರಿಗೆ ಬಿಡುತ್ತಿರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯಾ ಉಂಟಾಗುತ್ತದೆ. ಶೋಧಕದೊಳಗಿನ ಸ್ಪಂಜು, ಹವಳದ ಚೂರು ಅಥವಾ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ತೆಳುವಾಗಿ ಅಂಟಿಕೊಂಡಿರುವ ಒಂದು ಗುಂಪಿನ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಗುಂಪಿನವು ಅದನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ನೈಟ್ರೇಟ್‌ನಿಂದ ಮೀನಿಗೆ ಆಗುವ ತೊಂದರೆ ತೀರ ಕಡಿಮೆ. ನೀರನ್ನು ಆಗಾಗ ಭಾಗಶಃ ಬದಲಾಯಿಸಿದರೆ ಅದು ಹೊರಹೋಗುತ್ತದೆ.

ಉಪ್ಪುನೀರಿನಲ್ಲಿ ಈ ಕೆಲಸದ ಮಹತ್ವ ಇನ್ನೂ ಹೆಚ್ಚು. ಸಮುದ್ರದ ನೀರಿನ ಪಿಎಚ್ ಸಾಮಾನ್ಯವಾಗಿ 8ರಿಂದ 8.3ರಷ್ಟಿರುತ್ತದೆ. ಪಿಎಚ್ 7 ಇರುವ ಸಿಹಿನೀರಿನಲ್ಲಿ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ್ದು ಶೇ. 1ಕ್ಕಿಂತ ಕಡಿಮೆ. ನಮ್ಮ ಕರಾವಳಿಯ ಸೆಕೆಯಲ್ಲಿ, ಪಿಎಚ್ 8.2 ಇರುವ ನೀರಿನಲ್ಲಿ ಅದು ಶೇ. 8ರಿಂದ 10ರವರೆಗೆ ಏರುತ್ತದೆ. ಆದ್ದರಿಂದ ಸಿಹಿನೀರಿನ ಗಪ್ಪಿ, ಮೋಲಿ ಮೀನುಗಳನ್ನು ಸಾಕಿದ ಅನುಭವವಿದ್ದವರು ಕ್ಲೌನ್ ಮೀನಿನ ಸಾಕಣೆಗೆ ಬಂದಾಗ ಹಳೆಯ ಲೆಕ್ಕಾಚಾರವನ್ನೇ ಮುಂದುವರಿಸುವಂತಿಲ್ಲ.

ಈ ಉಪಕಾರಿ ಬ್ಯಾಕ್ಟೀರಿಯಾಗಳ ದೌರ್ಬಲ್ಯವೆಂದರೆ ಅವು ನಿಧಾನವಾಗಿ ಬೆಳೆಯುತ್ತವೆ. ಒಂದು ಎರಡಾಗಲು ಅರ್ಧ ದಿನದಿಂದ ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಹೊಸ ಘಟಕದಲ್ಲಿ ಅವು ನೆಲೆಗೊಳ್ಳಲು 4ರಿಂದ 6 ವಾರ ಬೇಕಾಗುವುದು ಇದೇ ಕಾರಣಕ್ಕೆ. ಕೊಳೆಯುವ ಪದಾರ್ಥಗಳನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳ ರೀತಿ ಬೇರೆ. ಆಹಾರ ಹೇರಳವಾಗಿದ್ದರೆ ಅವು ಅರ್ಧ ಗಂಟೆಯೊಳಗೆ ಇಮ್ಮಡಿಯಾಗಬಲ್ಲವು. ಕಣ್ಣಿಗೆ ಕಾಣುವ ಲೋಳೆ ಮುಖ್ಯವಾಗಿ ಇವುಗಳದ್ದೇ. ಇವು ಉಪಕಾರಿ ಬ್ಯಾಕ್ಟೀರಿಯಾಗಳ ಮೇಲೆ ಹೊದಿಕೆಯಂತೆ ಹರಡಿ, ಅವುಗಳಿಗೆ ತಲುಪಬೇಕಾದ ಆಮ್ಲಜನಕವನ್ನು ತಾವೇ ಹೀರಿಕೊಳ್ಳುತ್ತವೆ. 28 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸಿಹಿನೀರಿನಲ್ಲಿ ಒಂದು ಲೀಟರಿಗೆ ಸುಮಾರು 7.8 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. ಅದೇ ಉಷ್ಣತೆಯ ಸಮುದ್ರದ ನೀರಿನಲ್ಲಿ ಕರಗುವುದು ಸುಮಾರು 6.4 ಮಿಲಿಗ್ರಾಂ ಮಾತ್ರ. ಮೊದಲೇ ಕಡಿಮೆಯಿರುವ ಆಮ್ಲಜನಕವು ಲೋಳೆಯ ಪಾಲಾದಾಗ ಬೆಳಗಿನ ಜಾವ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯಲಾರಂಭಿಸುತ್ತವೆ.

ಇಂತಹ ಸ್ಥಿತಿಯಲ್ಲಿ ಶೋಧಕಕ್ಕೆ ಬ್ಲೀಚಿಂಗ್ ಪುಡಿ ಹಾಕಿದರೆ ಲೋಳೆ ಹೋಗುವುದು ನಿಜ. ಉಪಕಾರಿ ಬ್ಯಾಕ್ಟೀರಿಯಾಗಳೂ ಅದರೊಂದಿಗೇ ಸಾಯುತ್ತವೆ. ನಂತರದ ದಿನಗಳಲ್ಲಿ ಶೋಧಕ ಹೊಸದರಂತೆ ಹೊಳೆಯುತ್ತಿರುತ್ತದೆ, ನೀರಿನಲ್ಲಿ ಅಮೋನಿಯಾ ಏರುತ್ತಿರುತ್ತದೆ. ಮತ್ತೆ ಮೊದಲು ಬಂದು ನೆಲೆಸುವುದು ವೇಗವಾಗಿ ಬೆಳೆಯುವ ಲೋಳೆಯ ಬ್ಯಾಕ್ಟೀರಿಯಾಗಳೇ.

ಲೋಳೆಯ ಬಣ್ಣ ಮತ್ತು ಅದರ ಅರ್ಥ

ಬಿಳಿ ಅಥವಾ ಬೂದು ಬಣ್ಣದ, ಗಂಜಿಯ ಕೆನೆಯಂತಹ ಲೋಳೆಯು ಕೊಳವೆಯ ಬಾಯಿ, ಪಂಪಿನ ಜಾಲರಿ ಮತ್ತು ಸ್ಪಂಜಿನ ಮೇಲೆ ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಇಡೀ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗುತ್ತದೆ. ನೀರಿನಲ್ಲಿ ಸಾವಯವ ಪದಾರ್ಥ ಅಗತ್ಯಕ್ಕಿಂತ ಹೆಚ್ಚಾಗಿದೆ ಎಂಬುದೇ ಇದರ ಅರ್ಥ. ಅತಿಯಾಗಿ ಹಾಕಿದ ಆಹಾರ, ಕಲ್ಲಿನ ಹಿಂದೆ ಸತ್ತು ಕೊಳೆಯುತ್ತಿರುವ ಮೀನು, ವಾರಗಟ್ಟಲೆ ತೊಳೆಯದ ಸ್ಪಂಜು ಇವು ಸಾಮಾನ್ಯ ಕಾರಣಗಳು.

ಇವುಗಳ ಜೊತೆಗೆ ಇತ್ತೀಚಿನ ವರ್ಷಗಳಲ್ಲಿ ಗಮನಿಸಬೇಕಾದ ಮತ್ತೊಂದು ಕಾರಣವಿದೆ, ಅದು ಬೆಲ್ಲ. ಬಯೋಫ್ಲಾಕ್ ಪದ್ಧತಿಯ ತೊಟ್ಟಿಗಳಲ್ಲಿ ಬೆಲ್ಲ ಅಥವಾ ಕಾಕಂಬಿಯನ್ನು ಉದ್ದೇಶಪೂರ್ವಕವಾಗಿ ಹಾಕಿ ಬ್ಯಾಕ್ಟೀರಿಯಾಗಳನ್ನು ಬೆಳೆಸಲಾಗುತ್ತದೆ. ಅಲ್ಲಿ ನೀರು ಮಬ್ಬಾಗಿರುವುದೇ ಸರಿ, ಏಕೆಂದರೆ ಆ ಬ್ಯಾಕ್ಟೀರಿಯಾ ಗುಚ್ಛಗಳನ್ನು ತಿಲಾಪಿಯಾ ಮತ್ತು ಸಿಗಡಿಗಳು ಆಹಾರವಾಗಿ ತಿನ್ನುತ್ತವೆ, ಹಗಲಿರುಳು ಬಲವಾದ ಗಾಳಿಯ ಪೂರೈಕೆಯೂ ಇರುತ್ತದೆ. ಒಂದೇ ಯೋಜನೆಯಡಿ ಎರಡೂ ಬಗೆಯ ಘಟಕಗಳಿಗೆ ನೆರವು ದೊರೆಯುವುದರಿಂದ, ಬಯೋಫ್ಲಾಕ್‌ನ ಕ್ರಮವನ್ನು ತಿಳಿನೀರಿನ ಅಲಂಕಾರಿಕ ಮೀನು ಘಟಕಕ್ಕೂ ಅನ್ವಯಿಸುವ ಸಂಭವವಿದೆ. ಅಲಂಕಾರಿಕ ಮೀನು ಆ ಗುಚ್ಛಗಳನ್ನು ತಿಂದು ಮುಗಿಸುವುದಿಲ್ಲ. ಹಾಕಿದ ಬೆಲ್ಲವೆಲ್ಲ ಶೋಧಕದಲ್ಲಿ ಬಿಳಿ ಲೋಳೆಯಾಗಿ ಕುಳಿತುಕೊಳ್ಳುತ್ತದೆ. ನೈಟ್ರೇಟ್ ಇಳಿಸುವ ಸಲುವಾಗಿ ಕೆಲವರು ವಿನೆಗರ್ ಅಥವಾ ಸಕ್ಕರೆ ಹಾಕುವುದುಂಟು. ಒಳ್ಳೆಯ ಪ್ರೋಟೀನ್ ಸ್ಕಿಮ್ಮರ್ ಮತ್ತು ನಿತ್ಯದ ಪರೀಕ್ಷೆ ಇರುವೆಡೆ ಮಾತ್ರ ಸಾಧ್ಯವಾಗುವ ಕ್ರಮವದು. ಹಿತ್ತಿಲ ಘಟಕಗಳಿಗೆ ಅದು ಸೂಕ್ತವಲ್ಲ.

ಕಡುಗೆಂಪು ಅಥವಾ ನೇರಳೆ ಬಣ್ಣದ, ಚಾಪೆಯಂತೆ ಹರಡುವ ಲೋಳೆಯನ್ನು ಪಾಚಿ ಎಂದು ಕರೆಯುವುದು ರೂಢಿ. ಅದೂ ಬ್ಯಾಕ್ಟೀರಿಯಾವೇ. ಗದ್ದೆಯಲ್ಲಿ ಕಾಣುವ ನೀಲಿ-ಹಸಿರು ಪಾಚಿಯ ಸಂಬಂಧಿಯಾದ ಇದು ಬೆಳಕಿನ ನೆರವಿನಿಂದ ಬೆಳೆಯುತ್ತದೆ. ಹಗಲಿನಲ್ಲಿ ಅದರ ಮೇಲೆ ಸಣ್ಣ ಗುಳ್ಳೆಗಳು ಕಾಣುತ್ತವೆ, ಎಳೆದರೆ ಹಾಳೆಯಂತೆ ಎದ್ದು ಬರುತ್ತದೆ. ನೀರು ಸರಿಯಾಗಿ ಹರಿಯದ ಮೂಲೆಗಳಲ್ಲಿ, ಕಿಟಕಿಯ ಬಿಸಿಲು ನೇರವಾಗಿ ಬೀಳುವ ತೊಟ್ಟಿಗಳಲ್ಲಿ ಇದು ಹೆಚ್ಚು. ಪಂಪಿನ ದಿಕ್ಕನ್ನು ಬದಲಿಸಿ ಮೂಲೆಗಳಿಗೂ ನೀರು ಹರಿಯುವಂತೆ ಮಾಡಿ, ಬೆಳಕಿನ ಅವಧಿಯನ್ನು ಕಡಿಮೆ ಮಾಡಿ, ಹಾಳೆಗಳನ್ನು ಸೈಫನ್ ಕೊಳವೆಯಿಂದ ಎಳೆದು ತೆಗೆದರೆ ಇದು ಹತೋಟಿಗೆ ಬರುತ್ತದೆ.

ಕಪ್ಪು ಲೋಳೆ ಮತ್ತು ಕೊಳೆತ ಮೊಟ್ಟೆಯ ವಾಸನೆ ಎಲ್ಲಕ್ಕಿಂತ ಅಪಾಯಕಾರಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಶೋಧಕದ ತಳದಲ್ಲಿ ಗಾಳಿಯಾಡದೆ ಕೆಸರು ಶೇಖರವಾದರೆ, ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಈ ಸಲ್ಫೇಟನ್ನು ಬಳಸಿಕೊಂಡು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉತ್ಪಾದಿಸುತ್ತವೆ. ಅತ್ಯಲ್ಪ ಪ್ರಮಾಣದಲ್ಲಿಯೂ ಇದು ಮೀನಿಗೆ ಮಾರಕ. ಕಪ್ಪು ಕೆಸರನ್ನು ಕಂಡಾಗ ಅದನ್ನು ಕಲಕಬಾರದು. ತೊಟ್ಟಿಗೆ ಸಾಗುವ ನೀರನ್ನು ಮೊದಲು ನಿಲ್ಲಿಸಿ, ಶೋಧಕವನ್ನು ಬೇರ್ಪಡಿಸಿ, ಕೆಸರನ್ನು ಹೊರಗೆ ತೆಗೆಯಬೇಕು.

ಕೈಗೊಳ್ಳಬೇಕಾದ ಕ್ರಮ

ಲೋಳೆಗೆ ಆಹಾರ ಸಿಗದಂತೆ ಮಾಡುವುದೇ ಇದರ ಚಿಕಿತ್ಸೆ. ಬಿಳಿ ಲೋಳೆ ಕಾಣಿಸಿಕೊಂಡ ದಿನವೇ ಬೆಲ್ಲ, ಸಕ್ಕರೆ ಮುಂತಾದವುಗಳನ್ನು ನಿಲ್ಲಿಸಿ, ಮೀನಿನ ಆಹಾರವನ್ನು ಎರಡು ಮೂರು ದಿನ ಅರ್ಧಕ್ಕೆ ಇಳಿಸಬೇಕು. ಬೆಳೆದ ಮೀನುಗಳಿಗೆ ಇದರಿಂದ ತೊಂದರೆಯಾಗದು. ಮರಿಗಳ ತೊಟ್ಟಿಯಲ್ಲಿ ಮಾತ್ರ ಆಹಾರ ಇಳಿಸುವ ಬದಲು, ಉಳಿಕೆಯನ್ನು ಪ್ರತಿ ಬಾರಿಯೂ ಸೈಫನ್‌ನಿಂದ ತೆಗೆಯಬೇಕು. ಹೆಚ್ಚುವರಿ ಗಾಳಿಯ ಕಲ್ಲುಗಳನ್ನು ಇಳಿಬಿಟ್ಟು, ಒಟ್ಟು ನೀರಿನ ಶೇ. 15ರಿಂದ 20ರಷ್ಟನ್ನು ಬದಲಾಯಿಸಬೇಕು.

ಶೋಧಕದಲ್ಲಿ ಎರಡು ಭಾಗಗಳಿವೆ ಎಂಬುದನ್ನು ಘಟಕ ನಡೆಸುವವರು ಸ್ಪಷ್ಟವಾಗಿ ಅರಿತಿರಬೇಕು. ಕಸ ಹಿಡಿಯುವ ಬಟ್ಟೆ ಅಥವಾ ಸ್ಪಂಜು ಮೊದಲನೆಯದು. ಇದನ್ನು ದಿನ ಬಿಟ್ಟು ದಿನವಾದರೂ ತೊಳೆಯಬೇಕು. ಹಿಡಿದ ಕಸವನ್ನು ಅಲ್ಲಿಯೇ ಬಿಟ್ಟರೆ ಅದು ಕರಗಿ ಲೋಳೆಗೆ ಉಣಿಸಾಗುತ್ತದೆ. ಎರಡನೆಯದು ಉಪಕಾರಿ ಬ್ಯಾಕ್ಟೀರಿಯಾಗಳ ನೆಲೆ. ಇದನ್ನು ಒಂದೇ ಬಾರಿಗೆ ಪೂರ್ತಿ ತೊಳೆಯಬಾರದು. ಒಂದು ಸಲಕ್ಕೆ ಮೂರನೆಯ ಒಂದು ಭಾಗವನ್ನು ಮಾತ್ರ, ಅದೂ ತೊಟ್ಟಿಯಿಂದಲೇ ತೆಗೆದ ಉಪ್ಪುನೀರಿನಲ್ಲಿ ಮೃದುವಾಗಿ ಅಲುಗಿಸಿ, ಎರಡು ವಾರಗಳ ಅಂತರದಲ್ಲಿ ಉಳಿದ ಭಾಗಗಳನ್ನು ತೊಳೆಯಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕ್ಲೋರಿನ್ ಇಲ್ಲದ ಬಾವಿಯ ನೀರಾದರೂ ಸಿಹಿನೀರಾದ್ದರಿಂದ ಉಪ್ಪಿಗೆ ಒಗ್ಗಿದ ಬ್ಯಾಕ್ಟೀರಿಯಾಗಳಿಗೆ ಆಘಾತವಾಗುತ್ತದೆ. ಈ ಅವಧಿಯಲ್ಲಿ ಅಮೋನಿಯಾ ಮತ್ತು ನೈಟ್ರೈಟನ್ನು ಪ್ರತಿದಿನ ಕಿಟ್‌ನಿಂದ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡಬೇಕು.

ಆಹಾರದ ವಿಷಯದಲ್ಲಿ ಒಂದು ಮಾತು. ಬಳಚಿನ ಮಾಂಸ, ಸಿಗಡಿ, ಮೀನಿನ ಚೂರುಗಳನ್ನು ಅರೆದು ಹಾಕುವುದು ಕರಾವಳಿಯಲ್ಲಿ ಸುಲಭ ಮತ್ತು ಅಗ್ಗ. ಮೀನಿಗೂ ಅದು ಒಳ್ಳೆಯದೇ. ಆದರೆ ಅರೆದಾಗ ಬಿಡುವ ರಸವು ಮೀನಿನ ಬಾಯಿಗೆ ಹೋಗುವುದಿಲ್ಲ, ನೇರವಾಗಿ ಶೋಧಕಕ್ಕೆ ಹೋಗುತ್ತದೆ. ಮಾಂಸವನ್ನು ಸಣ್ಣದಾಗಿ ಕತ್ತರಿಸಿ, ಜಾಲರಿಯಲ್ಲಿ ತೊಳೆದು, ರಸ ಬಸಿದ ಮೇಲೆ ಹಾಕಬೇಕು. ಕೆಲವೇ ನಿಮಿಷಗಳಲ್ಲಿ ತಿಂದು ಮುಗಿಯುವಷ್ಟನ್ನು ದಿನಕ್ಕೆ ಎರಡು ಮೂರು ಬಾರಿ ಕೊಡುವುದು ಸರಿಯಾದ ಕ್ರಮ.

ಸಾಧನಗಳಲ್ಲಿ ಪ್ರೋಟೀನ್ ಸ್ಕಿಮ್ಮರ್ ಎಂಬ ನೊರೆ ತೆಗೆಯುವ ಸಾಧನವು ಹಾಕಿದ ಹಣಕ್ಕೆ ತಕ್ಕ ಫಲ ಕೊಡುತ್ತದೆ. ಉಪ್ಪುನೀರಿನಲ್ಲಿ ಗಾಳಿಯ ಗುಳ್ಳೆಗಳು ಬಹಳ ಸಣ್ಣದಾಗಿ ಒಡೆಯುವುದರಿಂದ, ಕರಗಿದ ಸಾವಯವ ಪದಾರ್ಥವು ಅವುಗಳಿಗೆ ಅಂಟಿಕೊಂಡು ನೊರೆಯಾಗಿ ಮೇಲೇರಿ ಪಾತ್ರೆಯಲ್ಲಿ ಸಂಗ್ರಹವಾಗುತ್ತದೆ. ಕೊಳೆಯುವ ಮೊದಲೇ ಅದು ನೀರಿನಿಂದ ಹೊರಬೀಳುತ್ತದೆ. ನೇರಳಾತೀತ ದೀಪದ ಮೇಲೆ ಮಾತ್ರ ಅತಿಯಾದ ಭರವಸೆ ಇಡಬಾರದು. ದೀಪದ ಮುಂದೆ ಹಾದುಹೋಗುವ ನೀರಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಅದು ಕೊಲ್ಲುತ್ತದೆ, ಆದ್ದರಿಂದ ಮಬ್ಬು ನೀರು ತಿಳಿಯಾಗುತ್ತದೆ. ಕೊಳವೆಗೆ ಅಂಟಿಕೊಂಡ ಲೋಳೆಯನ್ನು ಅದು ಮುಟ್ಟುವುದೇ ಇಲ್ಲ. ದೀಪ ಉರಿಯುತ್ತಿರುವಂತೆ ಕಂಡರೂ ಒಂದು ವರ್ಷದ ಸತತ ಬಳಕೆಯ ನಂತರ ಅದರ ಶಕ್ತಿ ಕುಂದಿರುತ್ತದೆ.

ಬ್ಲೀಚಿಂಗ್ ಪುಡಿಗೂ ಒಂದು ಸರಿಯಾದ ಸ್ಥಾನವಿದೆ. ಸಮುದ್ರದಿಂದ ತಂದ ನೀರನ್ನು ಮೀನಿನ ತೊಟ್ಟಿಗೆ ಬಿಡುವ ಮುನ್ನ, ಪ್ರತ್ಯೇಕ ಸಂಗ್ರಹ ತೊಟ್ಟಿಯಲ್ಲಿ ಅದನ್ನು ಬಳಸಬೇಕು. ಶೇ. 30ರಷ್ಟು ಕ್ಲೋರಿನ್ ಇರುವ ಪುಡಿಯಾದರೆ 1,000 ಲೀಟರ್ ನೀರಿಗೆ ಸುಮಾರು 33 ಗ್ರಾಂ ಹಾಕಿದಾಗ 10 ಪಿಪಿಎಂ ಕ್ಲೋರಿನ್ ದೊರೆಯುತ್ತದೆ. ನಂತರ ಒಂದು ದಿನ ಬಲವಾಗಿ ಗಾಳಿಯಾಡಿಸಿ, ಉಳಿದಿರುವ ಕ್ಲೋರಿನ್‌ನ ಪ್ರಮಾಣವನ್ನು ಪರೀಕ್ಷಿಸಿ, ಪ್ರತಿ 1 ಗ್ರಾಂ ಕ್ಲೋರಿನ್‌ಗೆ ಸುಮಾರು 7 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹಾಕಿ ತಟಸ್ಥಗೊಳಿಸಬೇಕು. ಕ್ಲೋರಿನ್ ಪೂರ್ಣವಾಗಿ ಇಲ್ಲವೆಂದು ಖಚಿತವಾದ ಮೇಲಷ್ಟೇ ನೀರು ಬಳಕೆಗೆ ಯೋಗ್ಯ.

ಲೋಳೆಗೆ ಪ್ರತಿಜೀವಕ ಔಷಧಗಳನ್ನು, ಅಂದರೆ ಆಂಟಿಬಯೋಟಿಕ್‌ಗಳನ್ನು, ಬಳಸಲೇಬಾರದು. ಅವು ಉಪಕಾರಿ ಬ್ಯಾಕ್ಟೀರಿಯಾಗಳಿಗೂ ಹಾನಿ ಮಾಡಬಲ್ಲವು, ಔಷಧಕ್ಕೆ ಬಗ್ಗದ ರೋಗಾಣುಗಳನ್ನು ಬೆಳೆಸುತ್ತವೆ, ಹೊರಬಿಟ್ಟ ನೀರಿನೊಂದಿಗೆ ಹಳ್ಳ ಕೊಳ್ಳಗಳನ್ನು ಸೇರುತ್ತವೆ. 2005ರ ಕರಾವಳಿ ಜಲಕೃಷಿ ಪ್ರಾಧಿಕಾರ ಅಧಿನಿಯಮಕ್ಕೆ 2023ರಲ್ಲಿ ಆದ ತಿದ್ದುಪಡಿಯು ಸಮುದ್ರ ಅಲಂಕಾರಿಕ ಮೀನು ಸಾಕಣೆಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಪ್ರತಿಜೀವಕಗಳ ಬಳಕೆಯನ್ನು ತಡೆಯುವುದು ಆ ತಿದ್ದುಪಡಿಯ ಉದ್ದೇಶಗಳಲ್ಲೊಂದು.

ಮಳೆಗಾಲದ ಎರಡು ತಿಂಗಳು

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನುಗಾರ ಕುಟುಂಬಕ್ಕೆ ಹಿತ್ತಿಲ ಘಟಕದ ಆದಾಯ ಅತ್ಯಂತ ಅಗತ್ಯವಾಗುವುದು ಆಗಲೇ, ಶೋಧಕ ಕೆಡುವ ಸಾಧ್ಯತೆ ಅತಿ ಹೆಚ್ಚಿರುವುದೂ ಆಗಲೇ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳ ಪ್ರವಾಹದ ನೀರು ಸೇರಿ ದಡದ ಸಮೀಪದ ಸಮುದ್ರದ ನೀರು ಕೆಸರಾಗುತ್ತದೆ, ಲವಣಾಂಶ ಕುಸಿಯುತ್ತದೆ. ಆ ನೀರನ್ನು ತೊಟ್ಟಿಗೆ ಬಿಟ್ಟರೆ ಕೆಸರಿನೊಂದಿಗೆ ಲೋಳೆಗೆ ಬೇಕಾದುದೆಲ್ಲವೂ ಬಂದು ಸೇರುತ್ತದೆ. ಮೇ ತಿಂಗಳಲ್ಲಿಯೇ ತಿಳಿಯಾದ ನೀರನ್ನು ತಂದು, ಶುದ್ಧೀಕರಿಸಿ, ಬೆಳಕು ಬೀಳದ ಮುಚ್ಚಿದ ತೊಟ್ಟಿಯಲ್ಲಿ ಸಂಗ್ರಹಿಸಿಡುವುದೇ ಇದಕ್ಕಿರುವ ಉಪಾಯ. ಸಂಗ್ರಹ ತೊಟ್ಟಿಯಿಲ್ಲದ ಘಟಕದ ಅಂದಾಜುಪಟ್ಟಿಯನ್ನು ಅಪೂರ್ಣವೆಂದೇ ಪರಿಗಣಿಸಬೇಕು.

ವಿದ್ಯುತ್ ವ್ಯತ್ಯಯವೂ ಇದೇ ಕಾಲದ್ದು. ಮುಚ್ಚಿದ ಡಬ್ಬಿಯಂತಹ ಶೋಧಕದಲ್ಲಿ ನೀರಿನ ಹರಿವು ನಿಂತರೆ ಕೆಲವೇ ಗಂಟೆಗಳಲ್ಲಿ ಒಳಗಿನ ಆಮ್ಲಜನಕ ಮುಗಿಯುತ್ತದೆ, ಬ್ಯಾಕ್ಟೀರಿಯಾಗಳು ಸತ್ತು ಕೊಳೆಯತೊಡಗುತ್ತವೆ. ವಿದ್ಯುತ್ ಮರಳಿದಾಗ ಪಂಪು ತಾನಾಗಿ ಚಾಲನೆಗೊಂಡು ಆ ಕೊಳೆ ನೀರನ್ನೆಲ್ಲ ಮೀನಿನ ತೊಟ್ಟಿಗೆ ತಳ್ಳುತ್ತದೆ. ರಾತ್ರಿಯಿಡೀ ವಿದ್ಯುತ್ ಇಲ್ಲದಾಗ ಉಳಿದುಕೊಂಡ ಮೀನು, ಬೆಳಿಗ್ಗೆ ವಿದ್ಯುತ್ ಬಂದ ಮೇಲೆ ಸಾಯುವುದು ಈ ಕಾರಣಕ್ಕೆ. ದೀರ್ಘ ವ್ಯತ್ಯಯದ ನಂತರ ಶೋಧಕದೊಳಗಿನ ನೀರನ್ನು ಹೊರಚೆಲ್ಲಿಯೇ ಪಂಪನ್ನು ಚಾಲನೆ ಮಾಡಬೇಕು. ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿಯ ಪಂಪೊಂದು ಪ್ರತಿ ಘಟಕದಲ್ಲಿ ಇರಲೇಬೇಕು. ಘಟಕದ ಒಟ್ಟು ವೆಚ್ಚದಲ್ಲಿ ಅದರ ಪಾಲು ಅಲ್ಪ.

ಗ್ರಾಮ ಪಂಚಾಯತಿ ಗಮನಿಸಬೇಕಾದ ವಿಷಯ

ಘಟಕದ ಒಳಗಿನ ನಿರ್ವಹಣೆ ಫಲಾನುಭವಿಯ ಹೊಣೆ. ಹೊರಬರುವ ನೀರು ಇಡೀ ಗ್ರಾಮಕ್ಕೆ ಸಂಬಂಧಿಸಿದ ವಿಷಯ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. 5,000 ಲೀಟರ್ ಸಾಮರ್ಥ್ಯದ ಘಟಕವು ವಾರಕ್ಕೆ ಶೇ. 10ರಷ್ಟು ನೀರನ್ನು ಬದಲಾಯಿಸಿದರೆ 500 ಲೀಟರ್ ಹೊರಬೀಳುತ್ತದೆ, ಅದರೊಂದಿಗೆ ಸುಮಾರು 17 ಕಿಲೋಗ್ರಾಂ ಉಪ್ಪು. ಲೋಳೆ ಕಟ್ಟಿದ ಘಟಕ ಇದರ ಎರಡು ಮೂರು ಪಟ್ಟು ನೀರನ್ನು ಚೆಲ್ಲುತ್ತದೆ. ಈ ನೀರನ್ನು ಹಿತ್ತಿಲಿನ ತೆಂಗಿನ ಬುಡಕ್ಕೋ ಇಂಗುಗುಂಡಿಗೋ ಬಿಟ್ಟರೆ, ಕೆಲವೇ ತಿಂಗಳುಗಳಲ್ಲಿ ಪಕ್ಕದ ಮನೆಯ ಬಾವಿಯ ನೀರು ಉಪ್ಪಾದರೆ ಆಶ್ಚರ್ಯವಿಲ್ಲ. ಬೇಸಿಗೆಯಲ್ಲಿ ಬಾವಿಗೆ ಉಪ್ಪುನೀರು ನುಗ್ಗುವ ತೊಂದರೆ ಮೊದಲೇ ಇರುವ ಕಡಲಂಚಿನ ಗ್ರಾಮಗಳಲ್ಲಿ ಇದು ನೆರೆಹೊರೆಯ ಜಗಳವಾಗಿ ಪಂಚಾಯತಿಯ ಮುಂದೆ ಬರುತ್ತದೆ. ಆದ್ದರಿಂದ ಘಟಕದ ಪ್ರಸ್ತಾವನೆ ಗ್ರಾಮಸಭೆಯಲ್ಲಿ ಚರ್ಚೆಗೆ ಬಂದಾಗಲೇ, ಹೊರನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಸದಸ್ಯರು ಕೇಳಬೇಕು. ಕ್ಲೋರಿನ್‌ನಿಂದ ಸಂಸ್ಕರಿಸಿ, ತಟಸ್ಥಗೊಳಿಸಿ, ಕೊಳವೆಯ ಮೂಲಕ ಉಪ್ಪುನೀರಿನ ಕೋಡಿಗೆ ಸೇರಿಸುವ ವ್ಯವಸ್ಥೆ ಇರುವ ಸ್ಥಳವನ್ನೇ ಆಯ್ಕೆ ಮಾಡುವುದು ಲೇಸು. ಕೆರೆ, ಗದ್ದೆ, ಬಾವಿಗಳ ಸಮೀಪದ ಸ್ಥಳಗಳನ್ನು ಕೈಬಿಡಬೇಕು. ಸತ್ತ ಮೀನು ಮತ್ತು ಕೆರೆದು ತೆಗೆದ ಲೋಳೆಯನ್ನು ಸುಣ್ಣ ಬೆರೆಸಿ ಬಾವಿಯಿಂದ ದೂರ ಹೂಳಬೇಕು.

ಶೋಧಕ ತೊಳೆಯುವ ಮಹಿಳೆಯರ ಆರೋಗ್ಯವನ್ನೂ ಮರೆಯುವಂತಿಲ್ಲ. ಉಪ್ಪುನೀರಿನ ಲೋಳೆಯಲ್ಲಿ ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾಗಳೂ ಇರಬಹುದು. ಕೈಯಲ್ಲಿ ಗಾಯವಿದ್ದಾಗ ಅವು ಒಳಹೊಕ್ಕು ತೀವ್ರ ಸೋಂಕನ್ನು ಉಂಟುಮಾಡಬಲ್ಲವು. ಮೊಣಕೈವರೆಗಿನ ರಬ್ಬರ್ ಕೈಗವಸು ಧರಿಸುವುದು, ಗಾಯವಿದ್ದವರು ಆ ದಿನ ಕೆಲಸದಿಂದ ದೂರವಿರುವುದು, ಸೈಫನ್ ಕೊಳವೆಯನ್ನು ಬಾಯಿಯಿಂದ ಎಳೆಯದಿರುವುದು ಕಡ್ಡಾಯವಾಗಬೇಕು. ಮಧುಮೇಹ ಅಥವಾ ಯಕೃತ್ತಿನ ಕಾಯಿಲೆ ಇರುವವರಿಗೆ ಈ ಅಪಾಯ ಹೆಚ್ಚು. ಗಾಯ ಕೆಂಪಾಗಿ ಊದಿಕೊಂಡು ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಮೀನಿನ ತೊಟ್ಟಿಯಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಿಳಿಸಬೇಕು.

ಮೇಲಿನ ಕ್ರಮಗಳನ್ನು ಒಂದು ವಾರ ಅನುಸರಿಸಿದರೂ ಲೋಳೆ ಕಡಿಮೆಯಾಗದಿದ್ದರೆ ಅಥವಾ ಮೀನು ಸಾಯತೊಡಗಿದರೆ, ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಸಂಪರ್ಕಿಸಬೇಕು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಕಾರವಾರದಲ್ಲಿದೆ. ಹೋಗುವಾಗ ತೊಟ್ಟಿಯ ನೀರು ಮತ್ತು ಶೋಧಕದ ಲೋಳೆಯನ್ನು ಬೇರೆ ಬೇರೆ ಶುಚಿಯಾದ ಬಾಟಲಿಗಳಲ್ಲಿ, ಮಂಜುಗಡ್ಡೆ ಇಟ್ಟ ಪೆಟ್ಟಿಗೆಯಲ್ಲಿ, ಸಂಗ್ರಹಿಸಿದ ದಿನಾಂಕ ಮತ್ತು ವೇಳೆಯನ್ನು ಬರೆದು ಕೊಂಡೊಯ್ಯಬೇಕು. ಹಿಂದಿನ ಎರಡು ವಾರಗಳಲ್ಲಿ ಹಾಕಿದ ಆಹಾರ, ಬದಲಾಯಿಸಿದ ನೀರು ಮತ್ತು ಅಮೋನಿಯಾ ಪರೀಕ್ಷೆಯ ವಿವರಗಳಿರುವ ಪುಸ್ತಕ ಜೊತೆಗಿದ್ದರೆ ಕಾರಣ ಪತ್ತೆಹಚ್ಚುವುದು ಸುಲಭವಾಗುತ್ತದೆ.